‘ರನ್’ ಅಂದರೆ ಬರೀ ಓಟ ಅಲ್ಲ: ಇಂಗ್ಲಿಷ್ ಕಾಪಿಯನ್ನು ಕನ್ನಡಕ್ಕೆ ತರುವವರಿಗೆ

2007ರ ಸೆಪ್ಟೆಂಬರ್. ನಾನಾಗ ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಟ್ರೈನಿ. ಬ್ರಿಟನ್ನಿನಲ್ಲಿ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ತಮ್ಮ ದುಡ್ಡು ವಾಪಸ್ ತೆಗೆದುಕೊಳ್ಳಲು ಸಾಲುಗಟ್ಟಿ ನಿಂತಿದ್ದ ವಾರ ಅದು. ಸುದ್ದಿಸಂಸ್ಥೆ ಕಳಿಸಿದ ಇಂಗ್ಲಿಷ್ ಬರಹದಲ್ಲಿ, ಅಂದರೆ ಏಜೆನ್ಸಿ ಕಾಪಿಯಲ್ಲಿ, ‘ರನ್ ಆನ್ ದ ಬ್ಯಾಂಕ್’ ಅಂತ ಇತ್ತು. ರಾತ್ರಿ ಹತ್ತೂವರೆ, ಪೇಜ್ ಬಿಡುವ ಹೊತ್ತು, ನಾನು ಹಿಂದೆ ಮುಂದೆ ನೋಡದೆ ‘ಬ್ಯಾಂಕಿನ ಮೇಲೆ ಓಟ ನಡೆಯಿತು’ ಎಂದು ಬರೆದು ಕೊಟ್ಟೆ. ನಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಉಡುಪಿ ಕಡೆಯವರು. ಪ್ರಿಂಟ್ ತೆಗೆದ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು, ಇಡೀ ಡೆಸ್ಕಿಗೆ ಕೇಳುವ ಹಾಗೆ ಹೇಳಿದರು: “ಎಂತದು ಮಾರಾಯ ಇದು? ಬ್ಯಾಂಕಿನ ಟೆರೇಸಿನ ಮೇಲೆ ಓಟದ ಪಂದ್ಯ ಇಟ್ಟಿದ್ರಾ?”

ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಅವರು ಕೆಂಪು ಪೆನ್ನಿನಲ್ಲಿ ಹೊಡೆದು ಮೇಲೆ ಬರೆದದ್ದು ಇಷ್ಟೇ: ‘ಹಣ ಹಿಂಪಡೆಯಲು ಮುಗಿಬಿದ್ದ ಗ್ರಾಹಕರು’. ಓಟವೂ ಇಲ್ಲ, ರನ್ನೂ ಇಲ್ಲ. ಆದರೆ ನಡೆದದ್ದು ಮಾತ್ರ ಪೂರ್ತಿ ಇದೆ.

ಈಗ ಟ್ರೈನಿಗಳ ಕಾಪಿ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇವತ್ತಿಗೂ ಜಾಸ್ತಿ ಕಾಟ ಕೊಡುವ ಇಂಗ್ಲಿಷ್ ಪದ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ದೊಡ್ಡ ದೊಡ್ಡ ಪದ ಬಂದರೆ ಹುಡುಗರು ಎಚ್ಚರವಾಗುತ್ತಾರೆ, ಡಿಕ್ಷನರಿ ತೆಗೆಯುತ್ತಾರೆ, ಅಕ್ಕಪಕ್ಕ ಕೇಳುತ್ತಾರೆ. ರನ್ ಬಂದರೆ ಯಾರೂ ನಿಲ್ಲುವುದಿಲ್ಲ, ಯಾಕೆಂದರೆ ಅದು ಒಂದನೇ ಕ್ಲಾಸಿನಲ್ಲಿ ಕಲಿತ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಕ್ರಿಯಾಪದಕ್ಕೆ ಎಣಿಸಿದ ಅರ್ಥಗಳು ಎಷ್ಟು ಗೊತ್ತಾ? 645. ಅಷ್ಟನ್ನೂ ಕಲಿಯಿರಿ ಎನ್ನುತ್ತಿಲ್ಲ, ನನಗೂ ಬರುವುದಿಲ್ಲ. ಸುದ್ದಿಯಲ್ಲಿ ಮತ್ತೆ ಮತ್ತೆ ಬರುವಂಥವನ್ನು ಹಿಡಿದರೆ ಸಾಕು.

ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ. ರನ್ ಕಂಡ ತಕ್ಷಣ ಅದನ್ನು ನೋಡಬೇಡಿ, ಅದರ ಪಕ್ಕ ಕೂತಿರುವ ಹೆಸರನ್ನು ನೋಡಿ. ಏನು ರನ್ ಆಗುತ್ತಿದೆ? ನೀರಾ, ರೈಲಾ, ಹೋಟೆಲ್ಲಾ, ಸರ್ಕಾರವಾ? ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಒಂದೇ ಪದ ಸಾಲುತ್ತದೆ. ಕನ್ನಡದಲ್ಲಿ ಹಾಗಲ್ಲ, ಪ್ರತಿ ಹೆಸರೂ ತನ್ನ ಕ್ರಿಯಾಪದವನ್ನು ಜೊತೆಗೇ ಕರೆದುಕೊಂಡು ಬರುತ್ತದೆ. ನೀರು ಹರಿಯುತ್ತದೆ. ರೈಲು ಸಂಚರಿಸುತ್ತದೆ. ಹೋಟೆಲ್ ನಡೆಯುತ್ತದೆ. ಮೂಗು ಸೋರುತ್ತದೆ, ಜ್ವರ ಬರುತ್ತದೆ. ಓಡುವುದು ಮನುಷ್ಯ, ನಾಯಿ, ಮೋಟಾರು, ಮತ್ತೆ ಅದೃಷ್ಟ ಇದ್ದರೆ ಗಾಂಧಿನಗರದಲ್ಲಿ ಸಿನಿಮಾ. ಹೆಸರು ಸಿಕ್ಕಿದರೆ ಕ್ರಿಯಾಪದ ತಾನಾಗೇ ಬಾಯಿಗೆ ಬರುತ್ತದೆ. ಬರದಿದ್ದರೆ ಇಂಗ್ಲಿಷ್ ಕಾಪಿಯ ವಿಂಡೋ ಮುಚ್ಚಿ, ಪಕ್ಕದ ಸೀಟಿನವರಿಗೆ ‘ಏನಾಯ್ತು ಅಂದ್ರೆ...’ ಅಂತ ಶುರು ಮಾಡಿ. ಹಾಗೆ ಬಾಯಿಂದ ಬಂದದ್ದನ್ನು ಬರೆಯಿರಿ.

(ನಮ್ಮ ಭಾಷೆಯೇನು ಕಮ್ಮಿ ಇಲ್ಲ ಬಿಡಿ. ಕನ್ನಡ ಕಲಿಯುತ್ತಿದ್ದ ಒಬ್ಬ ಗೆಳೆಯ ‘ಹೊಡಿ’ ಪದದಿಂದ ತಲೆ ಕೆಡಿಸಿಕೊಂಡಿದ್ದ. ಫೋನ್ ಹೊಡಿ, ನಿದ್ದೆ ಹೊಡಿ, ಗಾಡಿ ಹೊಡಿ, ಹರಟೆ ಹೊಡಿ. ಇಷ್ಟೊಂದು ಹೊಡೆದಾಟ ಯಾಕೆ ಅಂತ ಕೇಳಿದ್ದ.)

ಸುಲಭದ್ದನ್ನು ಮೊದಲು ಮುಗಿಸೋಣ. ಅಂಗಡಿ, ಶಾಲೆ, ಆಸ್ಪತ್ರೆ, ಟ್ರಸ್ಟ್, ಸರ್ಕಾರ ಇವೆಲ್ಲದಕ್ಕೂ ‘ನಡೆಸು’. ಅಲ್ಲಿ ಒಂದೇ ಒಂದು ಗುಂಡಿ ಇದೆ, ‘ಸ್ಟೇಟ್-ರನ್’. ಚೀನಾದ ಶಿನ್ಹುವಾ ಸುದ್ದಿಸಂಸ್ಥೆಯ ಹಿಂದೆ ಈ ಪದ ಇದ್ದೇ ಇರುತ್ತದೆ, ನಮ್ಮ ಹುಡುಗರು ಅದನ್ನು ‘ರಾಜ್ಯ ಸರ್ಕಾರ ನಡೆಸುವ’ ಮಾಡಿಬಿಡುತ್ತಾರೆ. ಅಲ್ಲಿ ಸ್ಟೇಟ್ ಅಂದರೆ ಸರ್ಕಾರ ಅಷ್ಟೇ, ಕರ್ನಾಟಕದಂಥ ರಾಜ್ಯ ಅಲ್ಲ. ‘ಸರ್ಕಾರಿ ಸುದ್ದಿಸಂಸ್ಥೆ’ ಅಂದರೆ ಮುಗಿಯಿತು. ‘ಸರ್ಕಾರಿ ಸ್ವಾಮ್ಯದ’ ಎನ್ನುವುದು ನನಗೆ ಯಾಕೋ ಟೆಂಡರ್ ನೋಟಿಸ್ ಓದಿದ ಹಾಗೆ ಕೇಳುತ್ತದೆ. ಬ್ಯಾಂಕು, ಕಂಪನಿಗಳ ಸುದ್ದಿಯಲ್ಲಿ ಮಾಲೀಕತ್ವ ಮುಖ್ಯವಾದರೆ ಮಾತ್ರ ಬಳಸಿ.

ಚುನಾವಣೆಗೆ ಬನ್ನಿ. ಅಮೆರಿಕದವರು ಅಧ್ಯಕ್ಷ ಪದವಿಗೆ ಓಡುತ್ತಾರೆ, ನಮ್ಮವರು ನಿಲ್ಲುತ್ತಾರೆ. ‘ಈ ಸಲ ನಮ್ಮ ವಾರ್ಡಲ್ಲಿ ಯಾರು ನಿಂತಿದ್ದಾರೆ?’ ಅಂತ ತಾನೇ ಕೇಳುವುದು? ಬರೆಯುವಾಗ ‘ಸ್ಪರ್ಧಿಸು’ ಅಥವಾ ‘ಕಣಕ್ಕಿಳಿ’. ಈ ಕಣ ಎನ್ನುವ ಪದ ನನಗಿಷ್ಟ. ಇಳಿಯುವುದಕ್ಕೂ ಬರುತ್ತದೆ, ವಾಪಸ್ ಬರುವುದಕ್ಕೂ ಬರುತ್ತದೆ. 2024ರ ಜುಲೈ 21ರಂದು ಜೋ ಬೈಡನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಹೇಳಿದಾಗ ‘ಕಣದಿಂದ ಹಿಂದೆ ಸರಿದ ಬೈಡನ್’ ಎನ್ನುವ ಹೆಡ್‌ಲೈನ್ ಯೋಚಿಸದೆಯೇ ಬಂತು. ‘ರನ್ನಿಂಗ್ ಮೇಟ್’ಗೆ ಜೊತೆ ಓಟಗಾರ, ಸಹ ಸ್ಪರ್ಧಿ ಅಂತೆಲ್ಲ ಕಷ್ಟಪಡಬೇಡಿ. ಸಹ ಸ್ಪರ್ಧಿ ಅಂದರೆ ಎದುರಾಳಿ ಅಂತಲೂ ಆಗುತ್ತದೆ, ಅರ್ಥವೇ ತಲೆಕೆಳಗು. ‘ಉಪಾಧ್ಯಕ್ಷ ಅಭ್ಯರ್ಥಿ’ ಸಾಕು. ಯಾರೂ ಎದುರಿಲ್ಲದೆ ರನ್ ಮಾಡಿ ಗೆದ್ದರೆ ‘ಅವಿರೋಧ ಆಯ್ಕೆ’. ಚುನಾವಣೆಯ ‘ರನ್-ಅಪ್’ ಅಂದರೆ ಚುನಾವಣೆಗೆ ಮುಂಚಿನ ದಿನಗಳು. ಆದರೆ ಬೌಲರ್‌ನ ರನ್-ಅಪ್ ಮಾತ್ರ ರನ್-ಅಪ್ಪೇ.

‘ರನ್-ಆಫ್’ ಎರಡು ಕಡೆ ಸಿಗುತ್ತದೆ, ಎರಡಕ್ಕೂ ಸಂಬಂಧವೇ ಇಲ್ಲ. ಫ್ರಾನ್ಸಿನಲ್ಲಿ 2022ರ ಏಪ್ರಿಲ್ 24ರಂದು ಮ್ಯಾಕ್ರಾನ್ ಮತ್ತು ಲೆ ಪೆನ್ ನಡುವೆ ನಡೆದದ್ದು ‘ಎರಡನೇ ಸುತ್ತಿನ ಮತದಾನ’. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ನೀರು ನಿಂತಾಗ ತಜ್ಞರು ಹೇಳುತ್ತಿದ್ದ ರನ್-ಆಫ್ ಬೇರೆ: ಕಾಂಕ್ರೀಟ್ ಹಾಕಿದ ನೆಲದಲ್ಲಿ ಇಂಗದೆ ಹರಿದು ರಾಜಕಾಲುವೆಗೆ ನುಗ್ಗುವ ಮಳೆನೀರು. ಇದಕ್ಕೆ ಒಂದೇ ಪದ ಹುಡುಕಬೇಡಿ. ‘ಇಂಗದೆ ಹರಿದು ಹೋಗುವ ನೀರು’ ಎಂದು ಬಿಡಿಸಿ ಬರೆದರೆ ಓದುವವರಿಗೆ ಕಾರಣವೂ ತಿಳಿಯುತ್ತದೆ. ನೀರಿನ ಸುದ್ದಿಯಲ್ಲಿ ಇನ್ನೊಂದು ‘ರನ್ ಡ್ರೈ’. ಇದಕ್ಕೆ ‘ಬತ್ತು’ ಎನ್ನುವ ಚಂದದ ಪದ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಕೈಕೊಟ್ಟಿವೆ ಎಂದು ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಬಾವಿ ಬತ್ತುತ್ತದೆ, ಕೆರೆ ಬತ್ತುತ್ತದೆ, ಸಂಪ್ ಮಾತ್ರ ಖಾಲಿಯಾಗುತ್ತದೆ. ‘ಸಂಪ್ ಬತ್ತಿತು’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಇನ್ನು ಕ್ರೈಮ್ ಸುದ್ದಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಬೇರೆ ಕಡೆ ತಪ್ಪಾದರೆ ನಗುತ್ತಾರೆ, ಇಲ್ಲಿ ತಪ್ಪಾದರೆ ಒಬ್ಬ ಮನುಷ್ಯನ ತಲೆಯ ಮೇಲೆ ಬರುತ್ತದೆ.

‘ರನ್ ಓವರ್’ಗೆ ಕನ್ನಡದಲ್ಲಿ ‘ಹರಿ’ ಇದೆ. ‘ಲಾರಿ ಚಕ್ರ ಹರಿದು ಬೈಕ್ ಸವಾರ ಸಾವು’ ಎನ್ನುವ ಸಾಲನ್ನು ವಾರಕ್ಕೊಮ್ಮೆಯಾದರೂ ಬರೆಯುತ್ತೇವೆ, ದುರದೃಷ್ಟ. ಆದರೆ ಹರಿ ಬೇರೆ, ಹರಿಸು ಬೇರೆ. ‘ಕಾರು ಹರಿದು ಸತ್ತ’ ಅಂದರೆ ಅಪಘಾತ. ‘ಕಾರು ಹರಿಸಿ ಕೊಂದ’ ಅಂದರೆ ಬೇಕೆಂದೇ ಮಾಡಿದ. ನಡುವೆ ಇರುವುದು ಬರೀ ಒಂದು ‘ಇಸು’. ಇಂಗ್ಲಿಷಿನವರಿಗೆ ಈ ತೊಂದರೆ ಇಲ್ಲ, ಅವರ ರನ್ ಓವರ್ ಎರಡಕ್ಕೂ ಆಗುತ್ತದೆ, ಬೇಕೆಂದೇ ಮಾಡಿದನೋ ಇಲ್ಲವೋ ಹೇಳದೆ ಜಾರಿಕೊಳ್ಳುತ್ತದೆ. ಕನ್ನಡದಲ್ಲಿ ಬರೆಯುವಾಗ ನೀವು ಯಾವುದೋ ಒಂದನ್ನು ಆರಿಸಲೇಬೇಕು. ಗೊತ್ತಿಲ್ಲದೆ ಆರಿಸಿದರೆ ನೀವೇ ತೀರ್ಪು ಕೊಟ್ಟ ಹಾಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದ ಸಾವು ಅಂದರೆ ಸೆಕ್ಷನ್ 106, ಕೊಲೆ ಅಂದರೆ 103. ಎಫ್‌ಐಆರ್‌ನಲ್ಲಿ ಯಾವುದು ಹಾಕಿದ್ದಾರೆ ಎಂದು ರಿಪೋರ್ಟರ್‌ಗೆ ಫೋನ್ ಮಾಡಿ ಕೇಳಿ. 106 ಇದ್ದರೆ ‘ಹರಿದು’, ಇಲ್ಲವೇ ‘ಡಿಕ್ಕಿಯಾಗಿ’. ‘ಹರಿಸಿ’ ಬೇಡ. ‘ಹತ್ತಿಸಿ’ಯೂ ಬೇಡ.

ನನ್ನ ಕೈಯಲ್ಲೇ ಇದು ಒಮ್ಮೆ ಆಗಿದೆ. ಸಿಟಿ ಪೇಜಿನ ಮೂಲೆಯಲ್ಲಿ ಹಾಕಿದ ನಾಲ್ಕು ಸಾಲಿನ ಸುದ್ದಿ. ಹೆಡ್‌ಲೈನ್‌ಗೆ ಜಾಗ ಸಾಲದೆ ‘ಹರಿದು’ ತೆಗೆದು ‘ಹರಿಸಿದ’ ಮಾಡಿದ್ದೆ, ವಾಕ್ಯ ಚುಟುಕಾಗಿ ಕೂತಿತ್ತು, ಖುಷಿಯೂ ಆಗಿತ್ತು. ಮಾರನೇ ದಿನ ಮಧ್ಯಾಹ್ನ ಆಫೀಸಿನ ಲ್ಯಾಂಡ್‌ಲೈನ್‌ಗೆ ಒಬ್ಬ ಹೆಂಗಸಿನ ಫೋನ್ ಬಂತು. ಬೈಯಲಿಲ್ಲ, ಕೂಗಲಿಲ್ಲ. “ನಮ್ಮ ಯಜಮಾನ್ರು ಬೇಕು ಬೇಕು ಅಂತ ಹತ್ತಿಸಿದ್ರಾ ಸರ್? ನೀವು ನೋಡಿದ್ರಾ?” ಎಂದು ಎರಡೇ ಮಾತು ಕೇಳಿದರು. ತಿದ್ದುಪಡಿ ಹಾಕಿದೆವು. ಎಷ್ಟು ಜನ ಓದಿದರೋ ಏನೋ.

‘ಹಿಟ್ ಅಂಡ್ ರನ್’ ಅಂತೂ ಕನ್ನಡದ್ದೇ ಆಗಿಹೋಗಿದೆ, ಹಾಗೇ ಬರೆದರೂ ನಡೆಯುತ್ತದೆ, ‘ಡಿಕ್ಕಿ ಹೊಡೆದು ಪರಾರಿ’ ಅಂದರೂ ನಡೆಯುತ್ತದೆ. ಆದರೆ ಪರಿಹಾರದ ಸುದ್ದಿಯಾಗಿದ್ದರೆ ಹುಷಾರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 161ರ ಪ್ರಕಾರ ಡಿಕ್ಕಿ ಹೊಡೆದ ವಾಹನ ಯಾವುದೆಂದು ಎಷ್ಟು ಹುಡುಕಿದರೂ ಗೊತ್ತಾಗದಿದ್ದರೆ ಮಾತ್ರ ಅದು ಹಿಟ್ ಅಂಡ್ ರನ್. ಅಂಥ ಪ್ರಕರಣಕ್ಕೆ 2022ರ ಏಪ್ರಿಲ್ 1ರಿಂದ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ ರೂಪಾಯಿ ಪರಿಹಾರ ಇದೆ. ಚಾಲಕ ಓಡಿಹೋಗಿ, ಗಾಡಿ ಅಲ್ಲೇ ನಂಬರ್ ಪ್ಲೇಟ್ ಸಮೇತ ನಿಂತಿದ್ದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಓದಿದ ಮನೆಯವರು ಸುಮ್ನೆ ಕಚೇರಿ ಸುತ್ತಬಾರದು ಅಲ್ವಾ?

ರೈಲು, ಬಸ್ಸು, ಮೆಟ್ರೋಗೆ ‘ಸಂಚಾರ’ ಇದೆ, ‘ಟ್ರಯಲ್ ರನ್’ಗೆ ‘ಪ್ರಾಯೋಗಿಕ ಸಂಚಾರ’. ಇದು ಡೆಸ್ಕಿನವರಿಗೆಲ್ಲ ಗೊತ್ತು. ನನ್ನ ಸಲಹೆ ಏನೆಂದರೆ, ಆದಷ್ಟು ಕಡೆ ಅದನ್ನೂ ಬಿಡಿ. ಬೆಂಗಳೂರು ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇಂಗ್ಲಿಷ್ ಕಾಪಿಯಲ್ಲಿ ರೈಲುಗಳು 25 ನಿಮಿಷದ ಅಂತರದಲ್ಲಿ ರನ್ ಆಗುತ್ತವೆ ಎಂದಿತ್ತು. ‘25 ನಿಮಿಷಗಳ ಅಂತರದಲ್ಲಿ ರೈಲುಗಳು ಸಂಚಾರ ನಡೆಸಲಿವೆ’ ಅಂತ ಬರೆಯಬಹುದು. ‘25 ನಿಮಿಷಕ್ಕೊಂದು ರೈಲು’ ಅಂತಲೂ ಬರೆಯಬಹುದು. ಬೊಮ್ಮಸಂದ್ರಕ್ಕೆ ಹೋಗುವವನಿಗೆ ಎರಡನೆಯದು ಸಾಕು. ಇನ್ನು ‘ಡ್ರೈ ರನ್’. 2021ರ ಜನವರಿ 2ರಂದು ಕೋವಿಡ್ ಲಸಿಕೆಯ ಡ್ರೈ ರನ್ ಎಲ್ಲ ರಾಜ್ಯಗಳಲ್ಲೂ ನಡೆಯಿತು, ಲಸಿಕೆ ಕೊಡದೆ ಮಿಕ್ಕಿದ್ದೆಲ್ಲ ಮಾಡಿ ನೋಡಿದರು. ಅದಕ್ಕೆ ‘ತಾಲೀಮು’ ಅನ್ನುವ ಪದ ರೆಡಿ ಇದೆ. ದಸರಾ ಆನೆಗಳಿಂದ ಹಿಡಿದು ಗರಡಿ ಮನೆಯವರೆಗೆ ಎಲ್ಲರಿಗೂ ಗೊತ್ತಿರುವ ಪದ. ಮೆಷಿನ್ ಟ್ರಾನ್ಸ್‌ಲೇಷನ್‌ಗೆ ಹಾಕಿದರೆ ‘ಒಣ ಓಟ’ ಬಂದರೂ ಬರಬಹುದು, ಕಾಪಿ ಪೇಸ್ಟ್ ಮಾಡುವ ಮುಂಚೆ ಒಂದು ಸಲ ಓದಿ.

ದುಡ್ಡಿನ ಸುದ್ದಿಗೆ ಮತ್ತೆ ಬರುತ್ತೇನೆ, ಹಳೆಯ ಗಾಯ ಅಲ್ವಾ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ತೆಗೆಯಲು ಹೊರಟರು. ಈ ಸಲ ನಾರ್ದರ್ನ್ ರಾಕ್‌ನಂಥ ಉದ್ದ ಸಾಲು ಮುಖ್ಯವಾಗಿರಲಿಲ್ಲ, ಬಹುಪಾಲು ಫೋನು, ಕಂಪ್ಯೂಟರಿನಲ್ಲೇ ಆಯಿತು. ಕ್ಯೂ ಇಲ್ಲದಿದ್ದರೆ ‘ಮುಗಿಬಿದ್ದರು’ ಅನ್ನಬಹುದಾ ಎಂದು ಒಬ್ಬ ಹುಡುಗಿ ಕೇಳಿದಳು, ಒಳ್ಳೆಯ ಪ್ರಶ್ನೆ. ಅನ್ನಬಹುದು. ಆನ್‌ಲೈನ್ ಸೇಲ್‌ಗೂ ಜನ ಮುಗಿಬೀಳುತ್ತಾರಲ್ಲ. (ಬಿಲಿಯನ್ ಲೆಕ್ಕದಲ್ಲಿ ಎಡವಬೇಡಿ, 1 ಬಿಲಿಯನ್ ಅಂದರೆ 100 ಕೋಟಿ. ಸೊನ್ನೆ ತಪ್ಪಿ ಹೋದ ಹೆಡ್‌ಲೈನ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.) ಷೇರುಪೇಟೆಯ ‘ಬುಲ್ ರನ್’ (ಬೆಲೆಗಳು ಏರುತ್ತಲೇ ಹೋಗುವುದು) ಮಾತ್ರ ‘ಗೂಳಿ ಓಟ’ ಆಗಿಯೇ ನಿಂತುಬಿಟ್ಟಿದೆ. ಪದಕ್ಕೆ ಪದ ಇಟ್ಟು ಮಾಡಿದ್ದೇ ಆದರೂ ಕಂಬಳದ ನಾಡಿನಲ್ಲಿ ಅದು ಹೊಂದಿಕೊಂಡಿತು. ಇನ್ನು ನಷ್ಟ ಕೋಟಿಗಳಿಗೆ ‘ರನ್ ಇಂಟು’ ಆದರೆ ‘ಕೋಟಿಗಟ್ಟಲೆ ನಷ್ಟ’. ಚಾರ್ಜ್‌ಶೀಟ್ 800 ಪುಟಗಳಿಗೆ ರನ್ ಇಂಟು ಆದರೆ ‘800 ಪುಟಗಳ ಚಾರ್ಜ್‌ಶೀಟ್’. ಅಲ್ಲಿ ಕ್ರಿಯಾಪದವೇ ಬೇಕಿಲ್ಲ.

ಕ್ರಿಕೆಟ್ಟಿನಲ್ಲಿ ರನ್ ನಮ್ಮದೇ ಪದ, ಅದಕ್ಕೆ ‘ಓಟ’ ಅಂತ ಕನ್ನಡ ಮಾಡಲು ಹೋಗಬೇಡಿ. ನಾವು ಅದನ್ನು ನೀರು ಮಾಡಿಕೊಂಡಿದ್ದೇವೆ ನೋಡಿ: ರನ್ ಮಳೆ, ರನ್ ಹೊಳೆ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ 66 ಎಸೆತಕ್ಕೆ ಔಟಾಗದೆ 175 ಹೊಡೆದ ದಿನ ‘ರನ್ ಮಳೆ’ ಬಿಟ್ಟು ಬೇರೆ ಏನು ಬರೆಯಲು ಸಾಧ್ಯವಿತ್ತು? ಆದರೆ ಕ್ರೀಡಾ ಪುಟದಲ್ಲಿ ರನ್ ಅಂದರೆಲ್ಲ ಈ ರನ್ ಅಲ್ಲ. ಒಬ್ಬ ಬೌಲರ್ ಎದುರಾಳಿ ತಂಡವನ್ನು ‘ರ‍್ಯಾನ್ ಥ್ರೂ’ ಮಾಡಿದ ಅಂತ ಇದ್ದರೆ ಅವನು ಒಂದು ರನ್ನೂ ಹೊಡೆದಿಲ್ಲ, ವಿಕೆಟ್ ಕಿತ್ತಿದ್ದಾನೆ. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ 74 ರನ್ ಕೊಟ್ಟು ಹತ್ತಕ್ಕೆ ಹತ್ತೂ ವಿಕೆಟ್ ಪಡೆದ ನಮ್ಮ ಅನಿಲ್ ಕುಂಬ್ಳೆಯನ್ನು ನೆನಪಿಟ್ಟುಕೊಳ್ಳಿ, ಈ ಪ್ರಯೋಗ ಮರೆಯುವುದಿಲ್ಲ. ಸತತವಾಗಿ ಗೆದ್ದರೆ ಅದೂ ಒಂದು ‘ರನ್’, ಅದಕ್ಕೆ ‘ಗೆಲುವಿನ ಓಟ’ ಅಡ್ಡಿಯಿಲ್ಲ.

ಆಫೀಸಿನ ಒಳಗಿನ ರನ್‌ಗಳನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಡೆಸ್ಕಿನವರು ಸ್ಟೋರಿ ‘ರನ್’ ಮಾಡುತ್ತಾರೆ, ನಾವು ‘ಹಾಕುತ್ತೇವೆ’. ‘ಮೂರನೇ ಪೇಜಿಗೆ ಹಾಕೋಣ’, ‘ನಾಳೆ ಹಾಕೋಣ’. ‘ರನ್ ಇಟ್ ಬೈ ದ ಎಡಿಟರ್’ ಅಂದರೆ ಎಡಿಟರ್‌ಗೆ ಒಂದು ಮಾತು ತೋರಿಸಿ ಕೇಳು ಅಂತ, ಅವರ ಪಕ್ಕದಲ್ಲಿ ಓಡು ಅಂತಲ್ಲ. ಟಿವಿಯವರಿಗೆ ಬುಲೆಟಿನ್ನಿನ ‘ರನ್‌ಡೌನ್’ (ಯಾವ ಸುದ್ದಿ ಆದ ಮೇಲೆ ಯಾವುದು ಎನ್ನುವ ಪಟ್ಟಿ) ಇದೆ, ಅದು ಹಾಗೇ ಇರಲಿ. ಸುದ್ದಿಯೊಳಗೆ ರನ್‌ಡೌನ್ ಕಟ್ಟಡ ಬಂದರೆ ಅದು ಪಾಳುಬಿದ್ದದ್ದು.

ಈಗ ಒಂದು ಕಾಪಿ ಕೂತು ಮಾಡೋಣ. ಇದು ನಾನೇ ಟ್ರೈನಿಗಳಿಗೆಂದು ಕಟ್ಟಿದ್ದು. ಹೆಬ್ಬಾಳದ ಹತ್ತಿರ ಒಂದು ‘ಸ್ಟೇಟ್-ರನ್’ ಬಸ್ಸು, ‘ರನ್ನಿಂಗ್ ಲೇಟ್’, ‘ರ‍್ಯಾನ್ ಎ ರೆಡ್ ಲೈಟ್’, ಆಮೇಲೆ ಮೀಡಿಯನ್‌ಗೆ ‘ರ‍್ಯಾನ್ ಇಂಟು’, ಡ್ರೈವರ್ ‘ಆನ್ ದ ರನ್’, ನಷ್ಟ ಲಕ್ಷಗಳಿಗೆ ‘ರನ್ಸ್ ಇಂಟು’. ಒಂದೇ ಪ್ಯಾರಾದಲ್ಲಿ ಆರು.

ಮೊದಲನೆಯದು ಸರ್ಕಾರಿ ಬಸ್. ಬಿಎಂಟಿಸಿಯೋ ಕೆಎಸ್‌ಆರ್‌ಟಿಸಿಯೋ ಕೇಳಿ, ಬೆಂಗಳೂರಿನ ಓದುಗರಿಗೆ ಅದು ಬೇರೆ ಬೇರೆಯೇ. ಎರಡನೆಯದಕ್ಕೆ ‘ತಡವಾಗಿ ಹೊರಟಿತ್ತು’ ಅಂತ ಬರೆದವರೇ ಜಾಸ್ತಿ. ಹೊರಟದ್ದು ಸರಿಯಾದ ಟೈಮಿಗೇ ಇರಬಹುದು, ಟ್ರಾಫಿಕ್ಕಿನಲ್ಲಿ ತಡವಾಗಿರಬಹುದು. ‘ತಡವಾಗಿ ಬರುತ್ತಿತ್ತು’ ಸಾಕು, ‘ತಡವಾದ್ದರಿಂದ’ ಅಂತ ಕಾರಣ ಅಂಟಿಸಬೇಡಿ, ಕಾಪಿಯಲ್ಲಿ ಹಾಗಿಲ್ಲ. ಮೂರನೆಯದು ಸಿಗ್ನಲ್ ಜಂಪ್. ಇದಕ್ಕಿಂತ ಒಳ್ಳೆಯ ಕನ್ನಡ ಈ ಊರಿನಲ್ಲಿ ಇಲ್ಲ. ನಾಲ್ಕನೆಯದು ಡಿಕ್ಕಿ. ಕೊನೆಯದು ‘ಲಕ್ಷಾಂತರ ರೂಪಾಯಿ ನಷ್ಟ’. ಕೂಡಿಸಿದರೆ:

‘ಹೆಬ್ಬಾಳದ ಬಳಿ ತಡವಾಗಿ ಬರುತ್ತಿದ್ದ ಸರ್ಕಾರಿ ಬಸ್ಸೊಂದು ಸಿಗ್ನಲ್ ಜಂಪ್ ಮಾಡಿ ರಸ್ತೆ ವಿಭಜಕಕ್ಕೆ ಡಿಕ್ಕಿ ಹೊಡೆದಿದೆ. ಲಕ್ಷಾಂತರ ರೂಪಾಯಿ ನಷ್ಟವಾಗಿದೆ. ಚಾಲಕ ಪರಾರಿಯಾಗಿದ್ದಾನೆ.’

ಐದನೆಯದನ್ನು ಬೇಕೆಂದೇ ಕೊನೆಗೆ ಇಟ್ಟೆ. ‘ಪರಾರಿ’ ಅಂತ ಟೈಪ್ ಮಾಡುವ ಮುಂಚೆ ಒಂದು ಫೋನ್ ಹೊಡೆಯಿರಿ. ನಾವು ಹಾಗೆ ಬರೆದ ಒಬ್ಬ ಚಾಲಕ, ಸೇರಿದ ಜನ ಎಲ್ಲಿ ಹೊಡೆಯುತ್ತಾರೋ ಅಂತ ಹೆದರಿ, ನೇರವಾಗಿ ಪೊಲೀಸ್ ಸ್ಟೇಷನ್ನಿಗೇ ಹೋಗಿ ಬೆಂಚಿನ ಮೇಲೆ ಕೂತಿದ್ದ.